ಹಳದಿ ಹಳ್ಳದ ವಾರಸುದಾರರು

ಹೋದ ವರ್ಷದ ವರದಿಯನ್ನು ನಂಬುವುದಾದರೆ ನಮ್ಮ ಕಂಪನಿ ಕುಡಿಯುವುದಕ್ಕೆ ಬಿಟ್ಟು ಇನ್ನಾವುದಕ್ಕೂ ನೀರು ಮುಟ್ಟುವುದಿಲ್ಲ. ನಾರಾಯಣಪೇಟೆಯ ಆಫೀಸಿಗೆ ದಿನಾ ಬರುವ ಕ್ಯಾನ್ ನೀರು, ಫ್ಯಾನು ತಿರುಗಿಸುವ ಕರೆಂಟು, ಅದು ಹೋದಾಗ ಗುಡುಗುಡಿಸುವ ಒಂದು ಸಣ್ಣ ಜನರೇಟರು. ನಮ್ಮಿಂದ ಭೂಮಿತಾಯಿಗೆ ಆಗುವ ತೊಂದರೆ ಅಷ್ಟೇ. ಹೈದರಾಬಾದಿನ ಏಜೆನ್ಸಿಯೊಂದು ಬರೆದುಕೊಟ್ಟ ಆ ವರದಿ ಓದಿದರೆ ಯಾರಿಗಾದರೂ ನಮ್ಮ ಮಾಲೀಕ ಕಾಂತೇಶಪ್ಪನವರ ಪಾದಕ್ಕೆ ಬೀಳಬೇಕು ಅನಿಸುತ್ತದೆ. ವರ್ಷಕ್ಕೆ ಸಾವಿರಾರು ಸೀರೆ ಮಾರುವ ಮನುಷ್ಯ, ಒಂದು ಹನಿ ಬಣ್ಣದ ನೀರು ಚೆಲ್ಲದ ಪುಣ್ಯಾತ್ಮ!

ಅದನ್ನು ಪೂರ್ತಿ ಸುಳ್ಳು ಅನ್ನುವಂತೆಯೂ ಇರಲಿಲ್ಲ. ಆ ವರದಿಯ ಹಳೆಯ ನಮೂನೆ ಕೇಳಿದ್ದು ಕಂಪನಿಯ ಹೆಸರಿನಲ್ಲಿರುವ ಕಟ್ಟಡಗಳ ಲೆಕ್ಕ ಮಾತ್ರ. ರೇಷ್ಮೆ ನೂಲಿಗೆ ಬಣ್ಣ ಹಾಕುವ ಶೆಡ್ಡು ಇರುವುದು ಮಖ್ತಲದ ಆಚೆ, ಒಂದು ಹಳ್ಳದ ದಂಡೆಯಲ್ಲಿ, ಇನ್ನಾರದೋ ಜಾಗದಲ್ಲಿ, ಬಾಯಿಮಾತಿನ ಬಾಡಿಗೆಯ ಮೇಲೆ. ಅಲ್ಲಿನ ನೂಲು ಕಂಪನಿಯದು, ಬಣ್ಣ ಕಂಪನಿಯದು, ಕೂಲಿಯವರು ಕಂಪನಿಯವರು. ಹೊರಗೆ ಹರಿಯುವ ನೀರು ಮಾತ್ರ ಯಾರದೂ ಅಲ್ಲ.

ಈ ವರ್ಷ ನಿಯಮ ಬದಲಾಯಿತು. ನಮ್ಮ ಸೀರೆ ಕೊಳ್ಳುವುದು ಹೈದರಾಬಾದಿನ ಒಂದು ದೊಡ್ಡ ಕಂಪನಿ. ಇನ್ನು ಮೇಲೆ ಅವರು ತಮ್ಮ ಲೆಕ್ಕದ ಜೊತೆಗೆ ತಮಗೆ ಸರಕು ಕೊಡುವವರ ನೀರು, ಹೊಗೆ, ಕಸದ ಲೆಕ್ಕವನ್ನೂ ಜನರ ಮುಂದಿಡಬೇಕು. ಹಾಗಾಗಿ ನಮಗೊಂದು ಹೊಸ ನಮೂನೆ ಕಳಿಸಿದರು. ನಿಮ್ಮ ನೂಲಿಗೆ ಬಣ್ಣ ಹಾಕುವವರು ಯಾರು, ಎಲ್ಲಿ, ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಅದರಲ್ಲಿ ನೇರವಾಗಿ ಕೇಳಿದ್ದರು. ಕೆಳಗೊಂದು ಷರತ್ತೂ ಇತ್ತು. ಶುದ್ಧ ಮಾಡದೆ ನೀರು ಬಿಡುವುದು ಕಂಪನಿಯೇ ಆದರೆ, ಶುದ್ಧ ಮಾಡುವ ವ್ಯವಸ್ಥೆ ಕಟ್ಟಿಕೊಳ್ಳಲು ಒಂದು ವರ್ಷ ಗಡುವು. ಬಿಡುವವರು ಹೊರಗೆ ಕೆಲಸ ಮಾಡಿಕೊಡುವವರಾದರೆ ಅವರಿಗೆ ಕೆಲಸ ಕೊಡುವುದನ್ನು ನಿಲ್ಲಿಸತಕ್ಕದ್ದು.

ಆ ನಮೂನೆ ತುಂಬುವ ಕೆಲಸ ನನ್ನದು. ನಾನು ಪ್ರಶಾಂತಿ, ನಾರಾಯಣಪೇಟೆಯ ನೇಕಾರರ ಓಣಿಯ ಚಿನ್ನಯ್ಯ ಮತ್ತು ತಿರುಪತಮ್ಮನ ಮಗಳು. ಮಹಬೂಬನಗರದಲ್ಲಿ ಪರಿಸರ ವಿಜ್ಞಾನ ಓದಿದವಳು. ಏಜೆನ್ಸಿಯನ್ನು ಬಿಡಿಸಿ ನನ್ನನ್ನು ಇಟ್ಟುಕೊಂಡಾಗ ಕಾಂತೇಶಪ್ಪ ಎಲ್ಲರ ಮುಂದೆ "ನಮ್ಮ ಹುಡುಗಿ" ಅಂದಿದ್ದರು. ನಮ್ಮ ಓಣಿಯೇ ಉಬ್ಬಿಹೋಗಿತ್ತು. ಹಾಗಂದರೆ ಏನೆಂಬುದು ಆ ಸೋಮವಾರ ತಿಳಿಯಿತು.

"ಕುಂದ್ರವ್ವಾ," ಅಂದರು ಕಾಂತೇಶಪ್ಪ. "ಬಣ್ಣದ ಪ್ರಶ್ನೆಗೆ ಹಿಂಗ ಬರಿ. ಬಣ್ಣ ಹಾಕೋರು ನೇಕಾರರೇ. ಮಖ್ತಲ್‌ದಾಗ ಅವರದೊಂದು ಶೆಡ್ಡು ಐತಿ, ಅವರೇ ನಡಸ್ತಾರ. ನಮ್ಮದು ಬರೇ ನೂಲು ಕೊಡೋದು, ಸೀರಿ ತಗೊಳ್ಳೋದು."

"ಯಾವ ನೇಕಾರರ್ರೀ?"

"ನಿಮ್ಮ ಓಣಿಯವರು. ಚಿನ್ನಯ್ಯಣ್ಣ ಮುಖ್ಯಸ್ಥ ಅಂತ ಬರಿ."

"ನಮ್ಮಪ್ಪ ಆ ಶೆಡ್ಡಿನ ಬಾಗಲಾನೂ ನೋಡಿಲ್ರೀ."

"ಬಾಗಲಾ ನೋಡಾಕ ಯಾರು ಹೇಳ್ಯಾರ? ಹೆಸರು ಇದ್ರ ಸಾಕು."

ನಾನು ನಮೂನೆಯನ್ನು ಅವರ ಮುಂದೆ ತಿರುಗಿಸಿ ಷರತ್ತಿನ ಮೇಲೆ ಬೆರಳಿಟ್ಟೆ. "ಇದು ಓದೀರೇನ್ರೀ? ನೀರು ನೇಕಾರರದು ಅಂತ ಬರದ್ರ ಓಣಿ ಮಗ್ಗ ಎಲ್ಲಾ ನಿಲ್ತಾವ."

"ಓದೀನಿ," ಅಂದರು, ಚಹಾ ಊದುತ್ತ. "ಅದಕ್ಕ ಮಗ್ಗದ ಮ್ಯಾಲಿರೋ ಹಾಸು ಮುಗೀಲಿ ಅನ್ನಾಕತ್ತೀನಿ. ಹಬ್ಬದ ಆರ್ಡರ್ ಕೊಟ್ಟು ಕೈ ತೊಳಕೊಳ್ಳೋಣು. ಆಮ್ಯಾಲ ಪವರ್‌ಲೂಮಿನವರು ಅದಾರ. ಹಳ್ಳದಾಗ ನೀರು ಶುದ್ಧ ಮಾಡೋ ಮಿಶಿನ್ ಕೂಡ್ಸು ಅಂತ ನನಗ್ಯಾರೂ ಕೇಳಂಗಿಲ್ಲ."

ಹಾಸು ಅಂದರೆ ಮಗ್ಗಕ್ಕೆ ಎಳೆದು ಕಟ್ಟುವ ಉದ್ದನೆಯ ನೂಲು. ನಮ್ಮಲ್ಲಿ ಒಂದು ಹಾಸಿನಲ್ಲಿ ಎಂಟು ಸೀರೆ. ಓಣಿಯ ಎಲ್ಲ ಮಗ್ಗಗಳ ಮೇಲೂ ಆಗ ಹಬ್ಬದ ಸೀರೆಗಳೇ ಇದ್ದವು. ಅವನ್ನು ನೇಯಿಸಿಕೊಂಡು, ನೇಯ್ದವರ ತಲೆಗೇ ಹಳ್ಳದ ಹೊಲಸನ್ನು ಕಟ್ಟಿ ಕಳಿಸುವ ಏರ್ಪಾಡು ಇದು. ಮಂಗ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಒರೆಸುವ ಬಟ್ಟೆಯಾಗಿ ಮೇಕೆಯ ಮಗಳನ್ನೇ ಕೆಲಸಕ್ಕಿಟ್ಟುಕೊಂಡಿದ್ದರು. ನನಗೆ ಮೈಯೆಲ್ಲ ಉರಿಯಿತು.

"ನಾ ಹಂಗ ಬರಿಯಂಗಿಲ್ರೀ," ಅಂದೆ.

ಅವರು ಸಿಟ್ಟಾಗಲಿಲ್ಲ, ನಕ್ಕರು. "ನೀ ಬರಿಬ್ಯಾಡ ಬಿಡು. ಗುರುವಾರ ಹೈದರಾಬಾದಿನವರು ತಪಾಸಣೆಗೆ ಬರ್ತಾರಲ್ಲ, ಅವರ ಮುಂದ ನಿಮ್ಮಪ್ಪ ಹ್ಞೂಂ ಅಂದ್ರ ಆತು. ನಾ ಚಿನ್ನಯ್ಯಣ್ಣಗ ಹೇಳೀನಿ. ಒಪ್ಪ್ಯಾನ."

ನಾನು ಮನೆಗೆ ಬರುವಾಗ ಅಪ್ಪ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ. ನನ್ನ ಮುಖ ನೋಡಿ ಲಾಳಿ ಎಸೆಯುವುದನ್ನು ನಿಲ್ಲಿಸಿದ, ಆದರೆ ಮೇಲೇಳಲಿಲ್ಲ.

"ಒಪ್ಪಿಯೇನಪ್ಪಾ?"

"ಒಂದು ಮಾತಿಗೆ ಏನೈತವ್ವಾ," ಅಂದ. "ಈ ಮಗ್ಗ ಹಾಕಿಸಿಕೊಟ್ಟೋರು ಅವರಪ್ಪ. ಇಷ್ಟು ದಿನ ಅವರ ಅನ್ನ ಉಂಡೀವಿ. ಶೆಡ್ಡು ನಮ್ಮದು ಅಂದ್ರ ನನ್ನ ನಾಲಿಗಿ ಸವಿತೈತೇನು?"

"ಅನ್ನ ಅವರದಾ? ನೇದಿದ್ದು ಯಾರು? ಈ ಹಾಸು ಮುಗದ ಮ್ಯಾಲ ನಿನಗ ನೂಲೇ ಕೊಡಂಗಿಲ್ಲ ಅವರು. ನನ್ನ ಮುಂದ, ಚಹಾ ಕುಡಕೋತ ಹೇಳ್ಯಾರ."

"ಸಾವಕಾರ್ರು ಹಂಗ ಮಾಡಂಗಿಲ್ಲ," ಅಂದ ಅಪ್ಪ. "ಇದ್ದರೂ ಹಾಸು ಮುಗೀಲಿ. ಆಮ್ಯಾಲ ಕೇಳ್ತೀನಿ."

ಇದು ನಮ್ಮ ಓಣಿಯ ರಿವಾಜು. ಹಾಸಿನ ಮೇಲೆ ಕೂತ ನೇಕಾರ ಅದು ಮುಗಿಯುವ ತನಕ ತಕರಾರು ತೆಗೆಯುವುದಿಲ್ಲ. ಕೂಲಿಯ ಜಗಳವಾಗಲಿ, ಮಾಲೀಕನ ಬೈಗುಳವಾಗಲಿ, ಎಂಟನೆಯ ಸೀರೆ ಇಳಿದ ಮೇಲೆಯೇ ಮಾತು. ಅರ್ಧಕ್ಕೆ ಎದ್ದವನ ಮಗ್ಗಕ್ಕೆ ದರಿದ್ರ ಹಿಡಿಯುತ್ತದೆ ಅಂತ ನಂಬಿಕೆ. ಕಾಂತೇಶಪ್ಪನೂ ನೇಕಾರರ ಮಗನೇ. ಆ ರಿವಾಜು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು, ಅದರ ಬೆಲೆಯೂ ಗೊತ್ತು.

ಅವ್ವ ಅಡುಗೆಮನೆಯಿಂದಲೇ ಕೂಗಿದಳು: "ಊರ ಉಸಾಬರಿ ನಿನಗ್ಯಾಕ ಬೇ? ಒಂದು ಹೆಸರು ಹೇಳಿ ಬರಲಿ. ನಿನ್ನ ನೌಕರಿ ಉಳೀತೈತಿ, ನಮ್ಮ ಮಗ್ಗಾನೂ ಉಳೀತೈತಿ."

ಮಗ್ಗ ಉಳಿಯುವುದಿಲ್ಲ ಅಂತ ನಾನು ಹೇಳಿದ್ದು ಒಗ್ಗರಣೆಯ ಸದ್ದಿನಲ್ಲಿ ಮುಳುಗಿತು. ಆ ರಾತ್ರಿ ನನಗೆ ಅಪ್ಪನ ಮೇಲೆ ಬಂದಷ್ಟು ಸಿಟ್ಟು ಕಾಂತೇಶಪ್ಪನ ಮೇಲೂ ಬರಲಿಲ್ಲ.

ಮರುದಿನ ಬಸ್ಸು ಹತ್ತಿ ಮಖ್ತಲಕ್ಕೆ ಹೋದೆ. ನೀರಿನ ಬಗ್ಗೆ ಬರೆಯುವವಳು ನೀರನ್ನು ನೋಡಬೇಕಲ್ಲ. ಊರಾಚೆ ಆಟೋ ಇಳಿದು ಜೋಳದ ಹೊಲಗಳ ನಡುವೆ ನಡೆದರೆ ಶೆಡ್ಡು. ಅದರ ಹಿಂದಿನಿಂದ ಒಂದು ಪೈಪು ಹಳ್ಳಕ್ಕೆ ಇಳಿದಿತ್ತು. ಆ ದಿನ ಹಳದಿ ಹಾಕುತ್ತಿದ್ದರು. ಹಬ್ಬದ ಸೀರೆಗಳ ಅಂಚಿನ ಹಳದಿ ಅದು, ನಮ್ಮ ಮನೆಯ ಮಗ್ಗದ ಮೇಲೆ ನೋಡಿದಾಗ ಕಣ್ಣಿಗೆ ಹಬ್ಬ. ಹಳ್ಳದಲ್ಲಿ ಅದೇ ಹಳದಿ ನೊರೆಗಟ್ಟಿ ಹರಿಯುತ್ತಿತ್ತು.

ಕೆಳಗಡೆ ಒಬ್ಬ ಹೆಂಗಸು ಕುರಿಗಳನ್ನು ನೀರಿನಿಂದ ಆಚೆಗೆ ಅಟ್ಟುತ್ತ ಬಯ್ಯುತ್ತಿದ್ದಳು. ಬಯ್ಯುತ್ತಿದ್ದುದು ಕುರಿಗಳನ್ನಲ್ಲ. ನಾನು ಹತ್ತಿರ ಹೋಗುತ್ತಲೇ ನನ್ನ ಕೊರಳಿನ ಕಂಪನಿ ಕಾರ್ಡು ನೋಡಿ ಬೈಗುಳವನ್ನು ನನ್ನ ಕಡೆಗೆ ತಿರುಗಿಸಿದಳು.

"ಬಾ ಯವ್ವಾ ಬಾ, ನೋಡು ನಿಮ್ಮ ಕಂಪನಿ ಚಂದ! ಉಣ್ಣಿ ಕತ್ತರಸೋಕ ಮುಂಚೆ ಮೈ ತೊಳಿಯೋಣು ಅಂತ ಇಳಿಸಿದ್ರ ಹಿಂಗ ಆಗ್ಯಾವ ನನ್ನ ಕುರಿ."

ಕುರಿಗಳ ಕಾಲು, ಹೊಟ್ಟೆಯೆಲ್ಲ ಹಳದಿಯಾಗಿತ್ತು. ಕರಿಯವುಗಳಲ್ಲಿ ಅಷ್ಟು ಕಾಣುತ್ತಿರಲಿಲ್ಲ. ಎರಡು ಬಿಳಿಯ ಕುರಿಗಳಿದ್ದವು. ನೀರಿಗೆ ತಾಗಿದ ಕಡೆಯೆಲ್ಲ ಅವು ಹಳದಿ, ಬೆನ್ನು ಮಾತ್ರ ಬಿಳಿ.

ಅವಳ ಹೆಸರು ಕಿಷ್ಟಮ್ಮ. ಕೃಷ್ಣಾ ಕಡೆಯ ಹಳ್ಳಿಯವಳು, ಬೀರಪ್ಪನ ಒಕ್ಕಲು. ಮಗ ಶೇಖರನ ಮದುವೆ ಗೊತ್ತಾಗಿತ್ತು. ಅವರ ಮನೆತನದಲ್ಲಿ ಮದುವೆಯ ಕಂಕಣ ಉಣ್ಣೆಯದು. ಮನೆಯ ಬಿಳಿ ಕುರಿಯ ಉಣ್ಣೆಯನ್ನು ಮನೆಯವರೇ ನೂತು, ದೇವರ ಮುಂದಿಟ್ಟು, ಭಂಡಾರ ಹಚ್ಚಿ ಕಟ್ಟಬೇಕು. ಆ ಅರಿಸಿನದ ಪುಡಿಯ ಚೀಲ ಅವಳ ಸೊಂಟದಲ್ಲೇ ಇತ್ತು.

"ಹೆಂಗೂ ಹಳದಿ ಹಚ್ಚೋದ ಐತಲ್ಲ ಅಂದ ನಿಮ್ಮ ಶೆಡ್ಡಿನ್ಯಾಂವ," ಅಂದಳು. "ಕಪಾಳಕ್ಕ ಕೊಡ್ತಿದ್ದೆ. ಭಂಡಾರ ಬೀರಪ್ಪ ಕೊಡಬೇಕು, ಹಳ್ಳ ಕೊಡಬಾರದು."

ನಾನು ಎಲ್ಲವನ್ನೂ ಹೇಳಿದೆ. ಈ ನೀರನ್ನು ನೇಕಾರರ ತಲೆಗೆ ಕಟ್ಟುತ್ತಾರೆ, ಗುರುವಾರ ಹೈದರಾಬಾದಿನಿಂದ ಒಬ್ಬರು ಬರುತ್ತಾರೆ, ಆ ದಿನ ಶೆಡ್ಡು ಮುಚ್ಚಿ ಗುಡಿಸಿ ಇಟ್ಟಿರುತ್ತಾರೆ ಅಂತ.

ಕಿಷ್ಟಮ್ಮ ಸೀರೆಯ ಸೆರಗು ಬಿಗಿದು ಕಟ್ಟಿದಳು. "ಶೆಡ್ಡು ತೊಳದಾರು, ನನ್ನ ಕುರಿ ಹೆಂಗ ತೊಳೀತಾರ? ಹೊಡಕೊಂಡು ಬರ್ತೀನಿ. ಕುರಿಗೆ ಬಾಯಿಲ್ಲ, ನನಗೈತಿ."

ಗುರುವಾರ ಬಂದವರು ಸಾಯಿಪ್ರಸಾದ್ ಅಂತ. ನಡುವಯಸ್ಸಿನವರು, ಮಿತಭಾಷಿ, ಕನ್ನಡ ಬರುತ್ತಿತ್ತು, ನಡುನಡುವೆ ತೆಲುಗಿಗೆ ಜಾರುತ್ತಿದ್ದರು. ಕಾಂತೇಶಪ್ಪ ತಮ್ಮ ಕಾರಿನಲ್ಲೇ ಅವರನ್ನು ಕೂರಿಸಿಕೊಂಡು ಬಂದರು. ಮುಂದಿನ ಸೀಟಿನಲ್ಲಿ ಅಪ್ಪ. ಅಪ್ಪನಿಗೆ ಆ ಸೀಟು ಸಿಕ್ಕಿದ್ದು ಅದೇ ಮೊದಲು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಹೊರಗಡೆ ನೋಡುತ್ತ ಕೂತಿದ್ದ. ನಾನು ಹಿಂದೆ ಕೂತು ಅವನ ಕುತ್ತಿಗೆಯನ್ನೇ ನೋಡುತ್ತ ಬಂದೆ.

ಶೆಡ್ಡು ಕಲ್ಯಾಣಮಂಟಪದಂತೆ ತೊಳೆದು ಇಟ್ಟಿದ್ದರು. ಪೈಪಿನ ಬಾಯಿಗೆ ಮಣ್ಣು ಮುಚ್ಚಿತ್ತು. ಹಳ್ಳದ ನೀರೂ ತಿಳಿಯಾಗಿತ್ತು. ಸಾಯಿಪ್ರಸಾದ್ ಒಂದೆರಡು ಫೋಟೋ ತೆಗೆದುಕೊಂಡು ಇನ್ನೇನು ಹಿಂತಿರುಗಬೇಕು, ಅಷ್ಟರಲ್ಲಿ ಕಿಷ್ಟಮ್ಮನ ಹಿಂಡು ದಿಬ್ಬ ಇಳಿಯಿತು. ಬಿಳಿ ಕುರಿಗಳೆರಡೂ ಮುಂದೆ.

"ಇದೇಂಟಿ? ಕುರಿ ಹಳದಿ ಐತಲ್ಲ?" ಅಂದರು ಸಾಯಿಪ್ರಸಾದ್.

ಕಾಂತೇಶಪ್ಪ ಒಂದು ಕ್ಷಣವೂ ತಡವರಿಸಲಿಲ್ಲ. "ಭಂಡಾರ ಸಾರ್! ಈ ಮಂದಿ ಬೀರಪ್ಪನ ಭಕ್ತರು. ದೇವರಿಗೆ ಎರಚಿದಂಗ ಕುರಿಗೂ ಎರಚ್ತಾರ. ನಮ್ಮ ಕಡಿ ಸಂಪ್ರದಾಯ."

ಸಾಯಿಪ್ರಸಾದ್ ನಕ್ಕು ಮೊಬೈಲು ಎತ್ತಿದರು, ಸಂಪ್ರದಾಯದ ಫೋಟೋ ತೆಗೆಯಲು. ಸುಳ್ಳು ಹೇಳಲು ದೇವರನ್ನೂ ಬಿಡಲಿಲ್ಲವಲ್ಲ ಈ ಮನುಷ್ಯ ಅನಿಸಿತು ನನಗೆ.

ಕಿಷ್ಟಮ್ಮ ಕೋಲು ನೆಲಕ್ಕೂರಿ ನಿಂತಳು. "ಬೀರಪ್ಪನ ಭಂಡಾರ ಮ್ಯಾಲಿಂದ ಬೀಳತೈತ್ರೀ. ಹೊಟ್ಟಿ ಕೆಳಗಿಂದ ಏರಂಗಿಲ್ಲ."

"ಭಂಡಾರದಾಗ ಮಲಗಿರ್ತಾವ ಸಾರ್, ಹತ್ತಿರತೈತಿ," ಅಂದರು ಕಾಂತೇಶಪ್ಪ.

ಇನ್ನು ಸುಮ್ಮನಿರಲು ನನಗೆ ಆಗಲಿಲ್ಲ. ಕಿಷ್ಟಮ್ಮನ ಎಲೆಯಡಿಕೆಯ ಚೀಲದಿಂದ ಸುಣ್ಣದ ಡಬ್ಬಿ ಕೇಳಿ ತಗೊಂಡೆ. ಎಡ ಅಂಗೈ ಮೇಲೆ ಅವಳ ಭಂಡಾರ ಒಂದು ಚಿಟಿಕೆ ಹಾಕಿಸಿಕೊಂಡು, ಹನಿ ನೀರು ಬಿಟ್ಟು, ಸುಣ್ಣ ತಿಕ್ಕಿದೆ. ಅಂಗೈ ಕೆಂಪಾಯಿತು. ಆರತಿಯ ನೀರು ಕಲಸಿದ ಯಾರಿಗಾದರೂ ಗೊತ್ತಿರುವ ಸಂಗತಿ ಇದು. ಆಮೇಲೆ ಬಿಳಿ ಕುರಿಯ ಹೊಟ್ಟೆಯ ಉಣ್ಣೆಗೆ ಅದೇ ಸುಣ್ಣ ಹಚ್ಚಿ ತಿಕ್ಕಿದೆ. ಕುರಿ ಒದ್ದಾಡಿತು, ಕಿಷ್ಟಮ್ಮ ಹಿಡಿದುಕೊಂಡಳು. ಎಷ್ಟು ತಿಕ್ಕಿದರೂ ಹಳದಿ ಹಳದಿಯಾಗಿಯೇ ಇತ್ತು.

ಸಾಯಿಪ್ರಸಾದ್ ನನ್ನ ಅಂಗೈ ನೋಡಿದರು, ಉಣ್ಣೆ ನೋಡಿದರು. "ಎರ್ರನೀಳ್ಳು," ಅಂದರು ಮೆಲ್ಲಗೆ. "ಕೆಂಪು ನೀರು. ಮಾ ಅಮ್ಮ ಇದರಿಂದ ದಿಷ್ಟಿ ತೆಗೀತಿದ್ದಳು. ನಾನು ಪರೀಕ್ಷೆಗೆ ಹೋಗುವಾಗೆಲ್ಲ." ಮೊಬೈಲನ್ನು ಕಿಸೆಗೆ ಇಟ್ಟುಕೊಂಡು ಕಾಂತೇಶಪ್ಪನ ಕಡೆ ತಿರುಗಿದರು. "ಇದು ಭಂಡಾರ ಅಲ್ಲಂಡಿ. ಬಣ್ಣ."

ಕಾಂತೇಶಪ್ಪ ಜಾಣರು. ಒಂದು ದಾರಿ ಮುಚ್ಚಿದ ಕೂಡಲೇ ಇನ್ನೊಂದಕ್ಕೆ ಹೊರಳಿದರು. "ಆತು ಸಾರ್, ಬಣ್ಣಾನೇ ಇದ್ದೀತು. ಆದ್ರ ಶೆಡ್ಡು ನಮ್ಮದಲ್ಲ, ನೇಕಾರರದು. ನಾವು ಎಷ್ಟು ಸಲ ಹೇಳೀವಿ, ನೀರು ಹಂಗ ಬಿಡಬ್ಯಾಡ್ರಿ ಅಂತ. ಕೇಳಂಗಿಲ್ಲ. ಓದಿಲ್ಲ ಬರದಿಲ್ಲ ಪಾಪ. ಬೇಕಂದ್ರ ಇವರನ್ನೇ ಕೇಳ್ರಿ, ಓಣಿ ಹಿರೇರು, ಚಿನ್ನಯ್ಯಣ್ಣ."

ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ನೆಲ ನೋಡುತ್ತಿದ್ದ. ಅವನು ಹ್ಞೂಂ ಅಂದರೆ ನಮ್ಮ ಓಣಿ ಮುಗಿಯಿತು. ಅಪ್ಪಾ ಅಂತ ಕೂಗಬೇಕು ಅನಿಸಿತು. ಆದರೆ ಮಗಳು ಹೇಳಿಕೊಟ್ಟಳು ಅನ್ನುವ ಮಾತು ಬರಬಾರದಿತ್ತು.

ಕೂಗಿದವಳು ಕಿಷ್ಟಮ್ಮ. "ನಿಂದೇನಣ್ಣಾ ಈ ಶೆಡ್ಡು? ನಿಂದಾದ್ರ ಹೇಳು. ನಾಳಿಂದ ನನ್ನ ಕುರಿ, ನಾನು, ನಿನ್ನ ಮನಿ ಮುಂದ. ನನ್ನ ಮಗನ ಕಂಕಣಕ್ಕ ಬಿಳಿ ಉಣ್ಣಿ ನೀನೇ ಕೊಡಬೇಕು. ನಮ್ಮ ಮಂದಿ ಕುಡಿಯೋ ನೀರಿಗೆ ನೀನೇ ಜವಾಬ್ ಹೇಳಬೇಕು."

ಅಪ್ಪ ಅವಳನ್ನು ನೋಡಿದ. ಕುರಿಯನ್ನು ನೋಡಿದ. ಕೂತು ಹಳ್ಳಕ್ಕೆ ಕೈ ಅದ್ದಿ, ತಿಳಿನೀರನ್ನು ಬೊಗಸೆಯಲ್ಲಿ ಎತ್ತಿದ. ಏನನ್ನಿಸಿತೋ, ಕುಡಿಯದೆ ಚೆಲ್ಲಿ ಎದ್ದು ನಿಂತ.

"ಮಗ್ಗ ನಂದು ತಂಗೀ, ಕೈ ನಂದು," ಅಂದ. "ಈ ನೀರು ನಂದಲ್ಲ. ನಮ್ಮ ಓಣ್ಯಾಗ ಯಾರದೂ ಅಲ್ಲ. ಸಾವಕಾರ್ರದು."

ಎದುರಿಗೇ ನಿಂತ ಕಾಂತೇಶಪ್ಪನನ್ನು ಅವನು ನೋಡಲಿಲ್ಲ. ಆ ಹೆಂಗಸಿಗೆ ಹೇಳಬೇಕಾದ್ದನ್ನು ಹೇಳಿ ಮುಗಿಸಿದವನಂತೆ ಟವೆಲಿನಿಂದ ಕೈ ಒರೆಸಿಕೊಂಡ. ನನ್ನ ಅಪ್ಪ ಇಷ್ಟು ಎತ್ತರ ಇದ್ದಾನೆಂದು ನನಗೆ ಗೊತ್ತಿರಲಿಲ್ಲ.

ಸಾಯಿಪ್ರಸಾದ್ ಹೊರಡುವಾಗ ಮಾತನ್ನು ಚುಟುಕಾಗಿ ಮುಗಿಸಿದರು. ನಾನು ಕಂಡದ್ದನ್ನು ನಾನು ಬರೆಯುತ್ತೇನೆ, ಕಂಪನಿ ತನ್ನ ಹೇಳಿಕೆಯನ್ನು ಮಾಲೀಕರ ಸಹಿಯೊಂದಿಗೆ ಶನಿವಾರದೊಳಗೆ ಕಳಿಸಬೇಕು, ಎರಡೂ ತಾಳೆಯಾಗದಿದ್ದರೆ ಹಬ್ಬದ ಆರ್ಡರ್ ಎತ್ತುವುದಿಲ್ಲ. ಇಷ್ಟು ಹೇಳಿ ಅವರು ಕಾಂತೇಶಪ್ಪನ ಕಾರು ಬೇಡವೆಂದು ಬಸ್ಸು ಹಿಡಿದು ಗದ್ವಾಲಕ್ಕೆ ಹೋದರು. ಅಲ್ಲಿ ಇನ್ನೊಬ್ಬರ ತಪಾಸಣೆ ಇತ್ತಂತೆ.

ಆ ಸಂಜೆ ನಾನು ಆಫೀಸಿಗೆ ಹೋಗಿ ಹೇಳಿಕೆಯನ್ನು ತೆಲುಗಿನಲ್ಲೂ ಕನ್ನಡದಲ್ಲೂ ಬರೆದು, ಅಚ್ಚು ಹಾಕಿ ಕಾಂತೇಶಪ್ಪನ ಮೇಜಿನ ಮೇಲಿಟ್ಟೆ. ಒಂದೇ ಪುಟ. ಶೆಡ್ಡು ಯಾರದು, ಬಣ್ಣ ಯಾವುದು, ನೀರು ಎಲ್ಲಿಗೆ ಹೋಗುತ್ತದೆ, ಅಷ್ಟೇ. ಅವರು ಒಂದು ಸಾಲು ಓದಿ ಪಕ್ಕಕ್ಕೆ ನೂಕಿದರು.

"ನಾಳಿಂದ ಬರಬ್ಯಾಡ. ನಿನ್ನ ನೌಕರಿ ಹೋತು."

"ನೌಕರಿ ನಿಮ್ಮದ್ರೀ, ಇಟಗೊಳ್ರಿ," ಅಂದೆ. "ನೀರೂ ನಿಮ್ಮದೇ. ಅದನ್ನೂ ಇಟಗೊಳ್ರಿ."

ಕೊರಳಿನ ಕಾರ್ಡು ತೆಗೆದಿಟ್ಟು ಬಂದೆ. ದಾರಿಯಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಮನೆಗೆ ಹೋದೆ. ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳಾದೀತು. ಆದರೆ ಹಸಿವೂ ಆಗಿತ್ತು.

ಮರುದಿನ ಬೆಳಿಗ್ಗೆ ಕಾಂತೇಶಪ್ಪ ಓಣಿಗೇ ಬಂದರು. ಕಾರನ್ನು ನಮ್ಮ ಮನೆಯ ಮುಂದೆ ನಿಲ್ಲಿಸಿ, ಡ್ರೈವರ್ ಆಂಜನೇಯುಲುವನ್ನು ಪಕ್ಕಕ್ಕಿಟ್ಟುಕೊಂಡು, ಓಣಿಗೆಲ್ಲ ಕೇಳುವಂತೆ ಕೂಗಿದರು. "ಚಿನ್ನಯ್ಯಾ! ನನ್ನ ನೂಲು ನಂಗ ಕೊಟ್ಟುಬಿಡು. ಗದ್ವಾಲದಾಗ ಮಗ್ಗ ಇಲ್ಲೇನು? ಅಲ್ಲಿ ನೇಯಿಸ್ಕೊಂತೀನಿ."

ಚಿನ್ನಯ್ಯಣ್ಣ ಚಿನ್ನಯ್ಯ ಆಗಿದ್ದ. ಕಾಂತೇಶಪ್ಪನ ಲೆಕ್ಕಾಚಾರ ನನಗೆ ಗೊತ್ತಾಯಿತು. ಹಾಸಿನ ಮೇಲೆ ಕೂತ ನೇಕಾರ ಏಳುವುದಿಲ್ಲ, ಕೈ ಮುಗಿಯುತ್ತಾನೆ, ತಪ್ಪಾಯಿತು ಅನ್ನುತ್ತಾನೆ. ಶನಿವಾರಕ್ಕೆ ಇನ್ನೊಂದು ದಿನ ಇದೆ, ಮಾತು ತಿರುಗಿಸಿಕೊಳ್ಳಬಹುದು.

ಅಪ್ಪನ ಮಗ್ಗದ ಮೇಲೆ ಮೂರನೆಯ ಸೀರೆ ನ‌ಡೆದಿತ್ತು. ಅವನು ಎರಡೂ ಕೈ ದಡಕ್ಕೆ ಊರಿ ಕುಣಿಯಿಂದ ಮೇಲೆದ್ದ. ಓಣಿಯ ಬಾಗಿಲುಗಳಲ್ಲಿ ನಿಂತವರು ಕತ್ತು ಚಾಚಿದರು. ಹಾಸಿನ ನಡುವೆ ನೇಕಾರ ಎದ್ದದ್ದನ್ನು ಅವರಲ್ಲಿ ಯಾರೂ ನೋಡಿರಲಿಲ್ಲ.

ಆದರೆ ಕತ್ತರಿ ತಂದವಳು ಅವ್ವ. ಹೆಸರು ಹೇಳಿ ಬಾ ಅಂದಿದ್ದ ಅದೇ ಅವ್ವ. ಹಿಂದಿನ ರಾತ್ರಿ ಅಪ್ಪ ಹಳ್ಳದಲ್ಲಿ ಆದದ್ದನ್ನೆಲ್ಲ ಹೇಳಿದಾಗ ಅವಳು ಊಟ ಬಡಿಸುವುದನ್ನು ಬಿಟ್ಟು ಕೂತುಬಿಟ್ಟಿದ್ದಳು. "ಓದಿಲ್ಲ ಬರದಿಲ್ಲ ಪಾಪ ಅಂದ್ರಾ?" ಅಂತ ಆ ಒಂದು ಮಾತನ್ನೇ ಮತ್ತೆ ಮತ್ತೆ ಕೇಳಿದ್ದಳು. ಈಗ ಮಗ್ಗದ ಹಣಿಗೆಯ, ಎಂದರೆ ನೂಲಿನ ಬಾಚಣಿಗೆಯ, ಹಿಂದೆ ಎಳೆಗಳನ್ನು ಒಂದು ಹಿಡಿ ಕೂಡಿಸಿ ಕತ್ತರಿ ಹಾಕಿದಳು. ಇನ್ನೊಂದು ಹಿಡಿ. ಮತ್ತೊಂದು.

"ಏ ತಿರುಪತಮ್ಮಾ! ಏನ್ ಮಾಡಾಕತ್ತಿ?" ಕಾಂತೇಶಪ್ಪನ ದನಿ ಸೀಳಿತು. ಎಷ್ಟಾದರೂ ನೇಕಾರನ ರಕ್ತ, ಹಾಸಿನ ಮೇಲೆ ಕತ್ತರಿ ಬಿದ್ದದ್ದು ನೋಡಲಾಗಲಿಲ್ಲ.

"ನೂಲು ಕೇಳಿದ್ರಲ್ರೀ," ಅಂದಳು ಅವ್ವ. "ತಗೊಳ್ರಿ."

ಸುತ್ತಿದ ಹಾಸನ್ನು ಅಪ್ಪ ಹೊತ್ತು ತಂದು ಅವರ ಕಾರಿನ ಮೇಲಿಟ್ಟ. ಎದುರುಮನೆಯ ಮಗ್ಗ ನಿಂತಿತು. ಅದರ ಪಕ್ಕದ್ದೂ ನಿಂತಿತು. ಹುಟ್ಟಿದಾಗಿನಿಂದ ಕೇಳಿದ ಖಟಖಟ ಸದ್ದು ನಿಂತಾಗ ನಮ್ಮ ಓಣಿ ಬೇರೆ ಯಾವುದೋ ಊರಿನಂತೆ ಕಂಡಿತು. ಆಮೇಲೆ ಒಂದೊಂದು ಮನೆಯಿಂದಲೂ ಒಬ್ಬೊಬ್ಬ ಹೆಂಗಸು ಕತ್ತರಿ ಹಿಡಿದು ಹೊಸ್ತಿಲಿಗೆ ಬಂದಳು. ಕತ್ತರಿಸಲಿಲ್ಲ, ಹಿಡಿದು ನಿಂತಳು.

ಕಾಂತೇಶಪ್ಪ ಗದ್ವಾಲಕ್ಕೆ ಫೋನು ಹಚ್ಚಿದರು. ಸ್ಪೀಕರಿನಲ್ಲಿ ಉತ್ತರ ಎಲ್ಲರಿಗೂ ಕೇಳಿತು. ಅಪ್ಪನ ತಂಗಿಯನ್ನು ಕೊಟ್ಟಿರುವುದು ಗದ್ವಾಲಕ್ಕೇ, ಓಣಿಯಿಂದ ಸುದ್ದಿ ಕಾಂತೇಶಪ್ಪನವರ ಫೋನಿಗಿಂತ ಮೊದಲೇ ಹೋಗಿತ್ತು. "ಇನ್ನೊಬ್ಬರು ಅರ್ಧಕ್ಕ ಕತ್ತರಿಸಿದ ಹಾಸು ನಾವು ಮುಟ್ಟಂಗಿಲ್ರಿ ಸಾವಕಾರ್ರೆ. ಮುಟ್ಟೋ ಮಂದಿ ಇಲ್ಲಿ ಯಾರೂ ಇಲ್ಲ," ಅಂದಿತು ಆ ಕಡೆಯ ದನಿ.

ಕಾಂತೇಶಪ್ಪ ನಮ್ಮ ಕಟ್ಟೆಯ ಮೇಲೆ ಕೂತುಬಿಟ್ಟರು. ಕಾರಿನ ಮೇಲಿನ ಹಾಸನ್ನು ನೋಡುತ್ತ ಕೇಳಿದರು, "ಜೋಡಸಾಕ ಬರತೈತೇನು?"

"ಬರತೈತಿ," ಅಂದಳು ಅವ್ವ. "ಎಳಿಗೆ ಎಳಿ ಹೊಸದು ಸೇರಿಸಬೇಕು. ಓಣಿ ಹೆಣ್ಮಕ್ಕಳೆಲ್ಲ ಕುಂತರ ಹಬ್ಬದೊಳಗ ಸೀರಿ ಇಳೀತಾವ."

"ಹಂಗಾದ್ರ ಜೋಡಸ್ರಿ."

"ನನ್ನ ಮಗಳು ಬರದದ್ದಕ್ಕ ದಸ್ಕತ್ತು ಮಾಡ್ರಿ. ಆಮ್ಯಾಲ ಜೋಡಸ್ತೀವಿ."

ಕಾಂತೇಶಪ್ಪ ಅಪ್ಪನನ್ನು ನೋಡಿದರು. ಅಪ್ಪ ಬೀಡಿ ಹಚ್ಚಿಕೊಳ್ಳುತ್ತಿದ್ದ. ನನ್ನನ್ನು ನೋಡಿದರು. ನಾನು ಕಣ್ಣು ಕೆಳಗಿಳಿಸಲಿಲ್ಲ. ಕೊನೆಗೆ ಆಂಜನೇಯುಲುವನ್ನು ಆಫೀಸಿಗೆ ಅಟ್ಟಿ ಆ ಪುಟ ತರಿಸಿದರು. ತೊಡೆಯ ಮೇಲಿಟ್ಟುಕೊಂಡು ಪೆನ್ನು ತೆಗೆದರು.

"ತಡೀರಿ," ಅಂದಳು ಅವ್ವ. "ಅದರಾಗ ಏನು ಬರದೈತಿ ಅಂತ ನಮಗ ಗೊತ್ತಾಗಬೇಕಲ್ಲ. ಓದಿಲ್ಲ ಬರದಿಲ್ಲ ನಾವು. ಓದ್ರಿ."

"ಪ್ರಶಾಂತಿ ಓದ್ತಾಳ ಬಿಡು."

"ಆಕಿ ಯಾಕ ಓದ್ಯಾಳು? ನೀರು ಆಕೀದೇನು?"

ಓಣಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕಾಂತೇಶಪ್ಪ ಕಾಗದವನ್ನು ಮುಖದ ಹತ್ತಿರ ಹಿಡಿದು ಗೊಣಗಿದರು. ಮಖ್ತಲದ ಹಳ್ಳಕ್ಕೆ ಬಿಡುತ್ತಿರುವ ಬಣ್ಣದ ನೀರು ನಮ್ಮ ಕಂಪನಿಯದು, ಅದಕ್ಕೂ ನೇಕಾರರಿಗೂ ಸಂಬಂಧವಿಲ್ಲ, ಅದನ್ನು ಶುದ್ಧ ಮಾಡುವ ಜವಾಬ್ದಾರಿ ನಮ್ಮದು ಎಂಬಷ್ಟು, ಹತ್ತಿರ ಕೂತ ನನಗೆ ಮಾತ್ರ ಕೇಳಿತು. ಓದಿ ಮುಗಿಸಿ, ಬೆವರು ಒರೆಸಿಕೊಂಡು, ಸಹಿ ಹಾಕಲು ಬಗ್ಗಿದರು.

ಆಗ ಓಣಿಯ ತುದಿಯ ಮನೆಯಿಂದ ಒಂದು ಹೆಣ್ಣು ದನಿ ಕೂಗಿತು. "ಈ ಕಡೀಗಿ ಕೇಳಲಿಲ್ರೀ, ಸಾವಕಾರ್ರೆ!"

ಅವ್ವ ಕತ್ತರಿಯನ್ನು ಕೈಯಿಂದ ಕೈಗೆ ಬದಲಿಸಿದಳು. ಕಾಂತೇಶಪ್ಪ ಕಟ್ಟೆಯಿಂದ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಗಟ್ಟಿಯಾಗಿ ಓದತೊಡಗಿದರು.